ಬದರಿನಾಥರ ಪಟ್ಟಿಯ ಹತ್ತನೆಯ ಹೆಸರು

ಕಾರ್ಲ್‌ಸ್ಕ್ರೂನಾದ ನಮ್ಮ ಆಫೀಸಿನಲ್ಲಿ ಕಾಫಿ ಮೆಷಿನ್ನಿನ ಪಕ್ಕದ ಗೋಡೆಗೆ ಒಂದು ಪಟ್ಟಿ ಅಂಟಿಸಿತ್ತು: ಆಧುನಿಕ ಕಾಲದ ಹತ್ತು ಶ್ರೇಷ್ಠ ವೃತ್ತಿಪರ ಬಾಕ್ಸರುಗಳು. ಬರೆದವರು ಬದರಿನಾಥ. ಕೋಲಾರ ಚಿನ್ನದ ಗಣಿ ಕಡೆಯವರು, ಟೆಸ್ಟಿಂಗ್ ತಂಡದಲ್ಲಿ ನನಗೆ ಹಿರಿಯರು. ಅವರು ಅದನ್ನು ಅಂಟಿಸಿದ್ದು 2004ರಲ್ಲಿ. ಆಗ ಇಲ್ಲಿ, ಸ್ವೀಡನ್ನಿನಲ್ಲಿ, ವೃತ್ತಿಪರ ಬಾಕ್ಸಿಂಗಿಗೆ ಕಾನೂನಿನ ನಿಷೇಧವೇ ಇತ್ತು. ಒಬ್ಬಿಬ್ಬರು ಹುಬ್ಬು ಗಂಟಿಕ್ಕಿದರು, ಆದರೆ ಯಾರೂ ಕಿತ್ತು ಹಾಕಲಿಲ್ಲ.

ಬಾಕ್ಸಿಂಗ್ ಎಂದರೆ ನನಗೆ ಆಗದು. ಒಬ್ಬರ ಮೂತಿ ಇನ್ನೊಬ್ಬರು ಜಜ್ಜುವುದಕ್ಕೆ ಮೊದಲನೇ ಸ್ಥಾನ, ಎರಡನೇ ಸ್ಥಾನ ಬೇರೆ ಕೇಡು. ಆದರೆ ದಿನಕ್ಕೆರಡು ಸಲ ಕೆಲಸ ಬಿಟ್ಟು ಎಲ್ಲರೂ ಒಟ್ಟಿಗೆ ಕಾಫಿಗೆ ಕೂರುವ ಫೀಕಾ ಇಲ್ಲಿ ವ್ರತವಿದ್ದಂತೆ, ತಪ್ಪಿಸುವ ಹಾಗಿಲ್ಲ. ಅಲ್ಲಿ ಕೂತರೆ ಆ ಪಟ್ಟಿಯದೇ ಮಾತು. ಷುಗರ್ ರೇ ರಾಬಿನ್ಸನ್ ಮೊದಲು, ಜೋ ಲೂಯಿಸ್ ಎರಡು, ಮುಹಮ್ಮದ್ ಅಲಿ ಮೂರು. ಅಲಿಯನ್ನು ಕೆಳಗಿಳಿಸಿದ್ದಕ್ಕೆ ಜಗಳ ಪ್ರತಿ ಜನವರಿಯಲ್ಲೂ ಹೊಸದಾಗಿ ಆಗುತ್ತಿತ್ತು. ಬದರಿನಾಥರ ಲೆಕ್ಕ ಒಂದೇ. ಎಷ್ಟು ಚಾಂಪಿಯನ್ ಬೆಲ್ಟ್ ಗೆದ್ದ ಎನ್ನುವುದಲ್ಲ, ಕೊನೆಯ ರೌಂಡಿನಲ್ಲಿ ಹೇಗೆ ನಿಂತ ಎನ್ನುವುದು.

ಹತ್ತನೆಯ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ: ಯೋಗೀಶ. ನಮ್ಮ ತಂಡದ ಹಿರಿಯ ಲೆನ್ನಾರ್ಟ್ ಇಂಟರ್ನೆಟ್ಟಿನಲ್ಲೆಲ್ಲ ಹುಡುಕಿ ಸೋತಿದ್ದ. ನಾನು ಒಮ್ಮೆ, ಏನು ಸರ್, ನಿಮ್ಮ ಭಾವಮೈದುನನಾ ಎಂದು ಕಿಚಾಯಿಸಿದೆ. ಅವರು ನಗಲಿಲ್ಲ, ಬರಿಯ ಮಣಿಕಟ್ಟು ಸವರಿಕೊಂಡು ಎದ್ದು ಹೋದರು. ಅವರು ಕೈಗೆ ವಾಚು ಕಟ್ಟಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ನಾನೇನೂ ಕುಂಬಳಕಾಯಿ ಕಳ್ಳ ಎಂದಿರಲಿಲ್ಲ, ಅವರೇ ಹೆಗಲು ಮುಟ್ಟಿ ನೋಡಿಕೊಂಡಿದ್ದರು. ಅದು ನನಗೆ ಅರ್ಥವಾಗಲು ವರ್ಷಗಳು ಬೇಕಾದವು.

2009ರ ಜನವರಿ ಕೊನೆಗೆ ಇಂಗೆಮಾರ್ ಯೋಹಾನ್ಸನ್ ತೀರಿಕೊಂಡರು. ಅಮೆರಿಕಕ್ಕೇ ಹೋಗಿ ಹೆವಿವೇಟ್ ಪಟ್ಟ ಗೆದ್ದು ಬಂದ ಸ್ವೀಡನ್ನಿನ ಮಗ. ಆ ಪಂದ್ಯ ನಡೆದಾಗ ಲೆನ್ನಾರ್ಟ್‌ಗೆ ಹನ್ನೊಂದು ವರ್ಷ, ಅಪ್ಪನ ಪಕ್ಕ ಕೂತು ರೇಡಿಯೋದಲ್ಲಿ ಕೇಳಿದ್ದನಂತೆ. ಸೋಮವಾರದ ಫೀಕಾಕ್ಕೆ ಅವನು ಅತ್ತು ಕೆಂಪಾದ ಕಣ್ಣಲ್ಲೇ ಬಂದ. ಹತ್ತನೆಯವನನ್ನು ತೆಗೆದು ಅಲ್ಲಿ ಇಂಗೆಮಾರ್ ಹೆಸರು ಬರೆಯೋಣವೇ ಎಂದು ಕೇಳಿದ. ಉಳಿದವರೆಲ್ಲ ಒಪ್ಪಿ ತಲೆಯಾಡಿಸಿದರು. ಇಲ್ಲಿ ಒಬ್ಬರು ಒಪ್ಪದಿದ್ದರೂ ಯಾವ ತೀರ್ಮಾನವೂ ಆಗುವುದಿಲ್ಲ. ಎಲ್ಲರ ಕಣ್ಣೂ ಬದರಿನಾಥರ ಮೇಲೆ.

ಅವರು ಮತ್ತೆ ಮಣಿಕಟ್ಟು ಸವರಿಕೊಳ್ಳುತ್ತಿದ್ದರು. ನನಗೆ ಮುಜುಗರವಾಯಿತು. ಸತ್ತವರ ಮರ್ಯಾದೆಗಾದರೂ ಆ ಹೆಸರು ತೆಗೆದುಬಿಡಿ ಸರ್ ಎಂದು ಕನ್ನಡದಲ್ಲಿ ಹೇಳಿದೆ.

"ಇವ್ನೂ ಸತ್ತಿದಾನೆ ನಳಿನಿ," ಎಂದರು. "ಆಗ ಅವ್ನು ಬಾಕ್ಸರ್. ನಾನು ಟೈಮ್‌ಕೀಪರ್. ವಾಚ್ ಹಿಡ್ಕೊಂಡು ಗಂಟೆ ಹೊಡೆಯೋನು."

ಆಮೇಲೆ ತಲೆಯೆತ್ತದೆ ಎಲ್ಲವನ್ನೂ ಹೇಳಿದರು. 1976ರಲ್ಲಿ ಗಣಿ ಕಾಲೋನಿಯ ಒಂದು ಚಿಕ್ಕ ಕ್ಲಬ್ಬಿನ ಫೈನಲ್. ಯೋಗೀಶ ಪಕ್ಕದ ಮನೆಯವನು, ಜೀವದ ಗೆಳೆಯ. ಮೂರನೆಯ ರೌಂಡಿನ ಕೊನೆಗೆ ಎದುರಾಳಿ ಅವನನ್ನು ಮೂಲೆಗೆ ಒತ್ತಿದ. ಹತ್ತೊಂಬತ್ತರ ಬದರಿನಾಥರು ಗೆಳೆಯನನ್ನೇ ನೋಡುತ್ತಾ ಕೈಯಲ್ಲಿದ್ದ ವಾಚನ್ನು ಮರೆತರು. ನೆನಪಾಗಿ ಕೆಳಗೆ ನೋಡಿದಾಗ ಮೂರು ನಿಮಿಷ ಮುಗಿದು ಮೇಲೆ ಇಪ್ಪತ್ತೈದು ಸೆಕೆಂಡು ಆಗಿತ್ತು. ಗಂಟೆ ಹೊಡೆದರು. ಆ ಇಪ್ಪತ್ತೈದು ಸೆಕೆಂಡೂ ಯೋಗೀಶ ಏಟು ತಿಂದ, ಬೀಳಲಿಲ್ಲ. ಬೆಳಿಗ್ಗೆ ಎದ್ದಾಗ ಎಡಗಣ್ಣು ಕಾಣುತ್ತಿರಲಿಲ್ಲ, ಮತ್ತೆ ಯಾವತ್ತೂ ಕಾಣಲಿಲ್ಲ. ಬಾಂಬೆಗೆ ಹೋಗಿ ದೊಡ್ಡ ಬಾಕ್ಸರ್ ಆಗುತ್ತೇನೆ ಎನ್ನುತ್ತಿದ್ದವನು ಊರಲ್ಲೇ ಸೈಕಲ್ ಅಂಗಡಿ ಇಟ್ಟ. ವಾಚು ನೋಡಿದ್ದು ಬದರಿನಾಥರೊಬ್ಬರೇ, ಬೇರೆ ಯಾರಿಗೂ ಗೊತ್ತಾಗಲಿಲ್ಲ.

"ಹೇಳ್ಬೇಕು ಅಂತಾನೇ ಊರಿಗೆ ಎರಡು ಸಲ ಹೋದೆ. ಟೀ ಕುಡ್ದು ವಾಪಸ್ ಬಂದೆ. ಅವ್ನೇ ಹೇಳ್ತಿದ್ದ, ಅವತ್ತು ಆ ರೌಂಡ್ ಮುಗೀತಾನೇ ಇರ್ಲಿಲ್ಲ ಕಣೋ, ನಂಗೇ ದಮ್ ಕಮ್ಮಿ ಇತ್ತು ಅನ್ಸತ್ತೆ ಅಂತ. ಇಪ್ಪತ್ತೇಳು ವರ್ಷ ಹಾಗೇ ಅಂದ್ಕೊಂಡು ಸತ್ತ." ಆಮೇಲೆ ಉಳಿದವರ ಕಡೆ ಕೈ ತೋರಿಸಿ ಹೇಳಿದರು, "ನೀವೇ ಹೇಳಿ ಇವ್ರಿಗೆ. ಇಂಗ್ಲಿಷ್‌ನಲ್ಲಿ ಇದನ್ನ ಹೇಳೋಕೆ ನಂಗೆ ಬಾಯಿ ಬರಲ್ಲ."

ಭಾವಮೈದುನ ಎಂದು ಹಂಗಿಸಿದ್ದ ಇದೇ ನಾಲಿಗೆಯಿಂದ ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ನಾಚಿಕೆಯಿಂದ ಸಾಯುವಂತಾಯಿತು. ಹೇಳಿ ಮುಗಿಸಿದ ಮೇಲೆ, ನಮ್ಮಲ್ಲಿ ರೂಢಿಯಿರುವಂತೆ, ನಿಮ್ಮ ತಪ್ಪೇನಿಲ್ಲ ಬಿಡಿ, ಅವನ ಹಣೆಬರಹ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಲೆನ್ನಾರ್ಟ್ ತನ್ನ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಸತ್ತವರಿಗಾಗಿ ಒಂದು ನಿಮಿಷ ಮೌನವಿರುವುದು ಇಲ್ಲೂ ಪದ್ಧತಿ. ನಾವು ಇಪ್ಪತ್ತೈದು ಸೆಕೆಂಡು ಇರೋಣ ಎಂದ.

ಇದ್ದೆವು. ಐದು ಸೆಕೆಂಡಿಗೆ ನನಗೆ ಸಾಕೆನಿಸಿತ್ತು. ಹತ್ತಾದಾಗ ಯಾರೋ ಕುರ್ಚಿಯಲ್ಲಿ ಮಿಸುಕಿದರು. ಹದಿನೈದಕ್ಕೆ, ಇಷ್ಟು ಹೊತ್ತೂ ಒಬ್ಬನ ಮುಖಕ್ಕೆ ಏಟು ಬೀಳುತ್ತಿತ್ತು ಎಂಬುದು ಹೊಳೆದು ನನ್ನ ಕಣ್ಣು ತುಂಬಿತು. ಇನ್ನೂ ಹತ್ತು ಬಾಕಿ ಇತ್ತು.

ಮುಗಿದಾಗ ಲೆನ್ನಾರ್ಟ್ ಸಮಾಧಾನದ ಮಾತೇನೂ ಆಡಲಿಲ್ಲ. "ತುಂಬಾ ಉದ್ದ," ಎಂದನಷ್ಟೆ. ಎದ್ದು ಹೋಗಿ ಪಟ್ಟಿಯ ಕೆಳಗೆ ಹನ್ನೊಂದು ಎಂದು ಬರೆದು, ಅದರ ಮುಂದೆ ಇಂಗೆಮಾರ್ ಹೆಸರು ಬರೆದ.

ಬದರಿನಾಥರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಕೈ ತೆಗೆದಾಗ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು, "ಇದೇ ಮಾತು ನಳಿನಿ. ಆ ರೌಂಡ್ ಉದ್ದ ಇತ್ತು ಕಣೋ, ನಿಂಗೆ ದಮ್ ಕಮ್ಮಿ ಇರ್ಲಿಲ್ಲ. ಇಷ್ಟೇ ನಾನು ಅವ್ನಿಗೆ ಹೇಳ್ಬೇಕಾಗಿದ್ದಿದ್ದು."