ಒಂದಿಷ್ಟು ಬ್ರೆಡ್ಡಿನ ಫ್ರೆಂಚ್

ವಾಡಿಯ ಹತ್ತಿರದ ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಭಟ್ಟಿಯ ಸೂಪರ್‌ವೈಸರ್ ಆಗಿದ್ದಾಗ, ಹೊಸ ಯಂತ್ರದ ತರಬೇತಿಗೆ ಒಬ್ಬನನ್ನು ಫ್ರಾನ್ಸಿಗೆ ಕಳಿಸುತ್ತೇವೆ, ಭಾಷೆ ಬರಬೇಕು ಎಂದರು. ಭಟ್ಟಿಯ ಒಳಹೊರಗು ಬಲ್ಲವನು ನಾನು. ಹೋಗಲೇಬೇಕೆಂದು ಹಟ ಹಿಡಿದೆ.

ಕಲಿಸಲು ಸಿಕ್ಕವರು ಆಫೀಸಿನ ಹಿರಿಯ ಗುಮಾಸ್ತರು. ಯಾವುದೋ ಕಾಲದಲ್ಲಿ ಪಾಂಡಿಚೇರಿಯಲ್ಲಿ ಇದ್ದು ಬಂದದ್ದೇ ಅವರ ವಿದ್ಯೆ. ಹೋಗುವ ಆಸೆಯಿದ್ದ ನಮಗೆಲ್ಲ ತಿಂಗಳುಗಟ್ಟಲೆ ಬ್ರೆಡ್ ಕೇಳುವುದನ್ನೇ ಕಲಿಸಿದರು. ಇಡೀ ಒಂದು ಬೇಕಾದರೆ ‘ಅಂ ಪ್ಯಾಂ’, ಅದರಲ್ಲಿ ಒಂದಿಷ್ಟು ಸಾಕಾದರೆ ‘ದ್ಯು ಪ್ಯಾಂ’. ಬೆಣ್ಣೆಗೂ ಇದೇ ತಕರಾರು, ಧೈರ್ಯಕ್ಕೂ ಇದೇ. ಇಷ್ಟು ಲೆಕ್ಕ ಹಾಕಿ ಬಾಯಿ ತೆರೆಯುವ ಜನ ಯಂತ್ರ ಕಟ್ಟಲು ಹೊತ್ತು ಎಲ್ಲಿಂದ ತಂದರೋ.

“ಒಂದಿಷ್ಟು ಅನ್ನೋ ಕಡೆ ಇಡೀ ಒಂದು ಅಂದ್ರಿ ಅಂದ್ರ ಮರ್ಯಾದಿ ಹೋಗ್ತದ ನೋಡ್ರಿ,” ಎನ್ನುತ್ತಿದ್ದರು ಗುಮಾಸ್ತರು. ಹೋಗಲು ಅವರ ಬಳಿ ಎಷ್ಟಿತ್ತೋ ಕಾಣೆ.

ಆಯ್ಕೆಗೆ ಫ್ರೆಂಚ್ ಎಂಜಿನಿಯರ್ ಬಂದ. ಗೆಸ್ಟ್ ಹೌಸಿನಲ್ಲಿ ಊಟ. ಊಟದ ಮಾತೇ ಪರೀಕ್ಷೆ. ಕೊನೆಗೆ ಉಳಿದಿದ್ದವರು ನಾನು ಮತ್ತು ಮ್ಯಾನೇಜರರ ಭಾವಮೈದ. ಆ ಮಹಾಶಯ ಭಟ್ಟಿಯ ಬಿಸಿ ಕಂಡವನಲ್ಲ, ಪಾಠದಲ್ಲಿ ಕಣ್ತೆರೆದು ಕೂತವನೂ ಅಲ್ಲ.

ಎಂಜಿನಿಯರ್ ಬುಟ್ಟಿಯನ್ನು ನನ್ನ ಮುಂದೆ ಹಿಡಿದು ಒಂದಿಷ್ಟು ಬ್ರೆಡ್ ಬೇಕೇ ಎಂದು ಕೇಳಿದ. ‘ದ್ಯು’ ಸಹಿತ ಎಲ್ಲ ತಿಳಿಯಿತು, ಉತ್ತರವೂ ನಾಲಿಗೆಯ ತುದಿಯಲ್ಲಿತ್ತು. ಆದರೆ ನಮ್ಮ ಕಡೆ ಮೊದಲ ಸಲಕ್ಕೇ ಕೈ ಚಾಚಿದವನನ್ನು ಉಂಡು ಗೊತ್ತಿಲ್ಲದವನೆನ್ನುತ್ತಾರೆ. ಫ್ರೆಂಚಿನಲ್ಲೇ ಬೇಡವೆಂದೆ. ಇನ್ನೊಮ್ಮೆ ಒತ್ತಾಯ ಮಾಡಲಿ, ಆಗ ಚಂದವಾಗಿ ಕೇಳೋಣವೆಂದು ಕಾದೆ. ಆ ಪುಣ್ಯಾತ್ಮ ಬುಟ್ಟಿಯನ್ನು ಸರಿಸಿಯೇಬಿಟ್ಟ. ಸೂಪಿನ ಸರದಿಗೂ ನನ್ನ ಬಾಯಿ ಬೇಡವೆಂದೇ ಅಂದಿತು. ಒತ್ತಾಯ ಮಾಡಲು ಬಾರದವನು ಊಟಕ್ಕೆ ಯಾಕೆ ಕರೆಯಬೇಕು?

ಭಾವಮೈದ ಮಾತ್ರ ‘ಅಂ ಪ್ಯಾಂ, ಅಂ ಪ್ಯಾಂ’ ಎನ್ನುತ್ತ ಇಡೀ ಬ್ರೆಡ್ಡನ್ನೇ ಎಳೆದುಕೊಂಡ. ಎಂಜಿನಿಯರ್ ನಕ್ಕು ಅವನ ಬೆನ್ನು ತಟ್ಟಿದ.

ಹೋಗುವವನು ಅವನೇ ಎಂದು ಮರುದಿನ ಹೇಳಿದರು.

“ನಿಮಗ ಮಾತಾಡ್ಲಿಕ್ಕೇ ಬರಂಗಿಲ್ಲ ಅಂತ ಫ್ರೆಂಚ್ ಸಾಹೇಬ್ರು ಅಂದಾರ್ರಿ. ನಾ ಕಲಿಸಿದ್ದು ನೀರಾಗ ಹೋತು,” ಎಂದರು ಗುಮಾಸ್ತರು.

“ಅವ್ರಿಗೆ ಎರಡನೇ ಸಲ ಕೇಳ್ಲಿಕ್ಕೆ ಕಲಿಸ್ರಿ,” ಎಂದೆ.

ಸಂಜೆ ಸೇಡಂ ಬಸ್ಸು ಹಿಡಿದು ಮನೆಗೆ ಬಂದೆ. ಅವ್ವ ತಾಟು ಇಟ್ಟಳು.

“ರೊಟ್ಟಿ ಬ್ಯಾಡ ಬೇ,” ಎಂದೆ. ಆವತ್ತು ನಿಜವಾಗಿಯೂ ಬೇಡವಾಗಿತ್ತು.

ಅವ್ವ ಎರಡು ಹಾಕಿ ಒಳಗೆ ಹೋದಳು.