ಎರಡು ಸಲ ಬಂದ ಹದಿನಾರು ಪುಟ

ಅವರ ಬಲಗೈಯ ನಡುಬೆರಳಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಗಂಟಿತ್ತು. ಪೆನ್ನು ಒತ್ತಿ ಒತ್ತಿ ಆದದ್ದು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅದರ ಸುತ್ತ ಕೆಂಪು ಶಾಯಿಯ ಬಣ್ಣ ಹೋಗಿರಲಿಲ್ಲ. ನನ್ನ ಬೆರಳುಗಳೂ ಹಾಗೇ ಕಪ್ಪು, ನಲವತ್ತು ವರ್ಷ ಊದುಬತ್ತಿ ಹೊಸೆದದ್ದಕ್ಕೆ. ನಮ್ಮ ಓದುವ ಗುಂಪಿನವರೆಲ್ಲ ಒಮ್ಮೆ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಸೇರಿದಾಗ ಅವರು ನನ್ನ ಪಕ್ಕ ಕೂತರು. ಇಬ್ಬರೂ ಮುಖ ನೋಡುವ ಮೊದಲು ಕೈ ನೋಡಿಕೊಂಡೆವು.

"ನಿಮ್ದೂ ಹೋಗಲ್ವ?" ಎಂದರು.

"ಸೋಪು ಸವೆದೋಯ್ತು, ಇದು ಹೋಗ್ನಿಲ್ಲ" ಎಂದೆ.

ಲಷ್ಕರ್ ಮೊಹಲ್ಲಾದ ಒಂದು ಅಚ್ಚುಕೂಟದಲ್ಲಿ ಅವರು ಮೂವತ್ತೈದು ವರ್ಷ ಪ್ರೂಫ್ ನೋಡಿದವರು. ಪುಸ್ತಕ ಅಚ್ಚಾಗುವ ಮೊದಲು ಅಕ್ಷರ ಅಕ್ಷರ ನೋಡಿ ತಪ್ಪು ಹಿಡಿಯುವ ಕೆಲಸ. ಗುಂಪಿನಲ್ಲಿ ಎಲ್ಲರಿಗೂ ಅವರು ಪ್ರೂಫ್ ಮೇಡಂ. ನನಗೂ ಅಷ್ಟೇ.

ನನ್ನನ್ನು ಆ ಗುಂಪಿಗೆ ಸೇರಿಸಿದ್ದು ನನ್ನ ಸೊಸೆ. ಮೈಸೂರಿನ ಓದುವವರ ವಾಟ್ಸಾಪ್ ಗುಂಪು, ಅರವತ್ತು ಚಿಲ್ಲರೆ ಜನ. ಹಿನಕಲ್ಲಿನ ಒಬ್ಬ ಮೇಷ್ಟ್ರು ಅದನ್ನು ನಡೆಸುತ್ತಿದ್ದರು. ಒಂದು ಹೊಸ ಪುಸ್ತಕ ತರಿಸಿ, ಆ ಒಂದೇ ಪ್ರತಿಯನ್ನು ಮನೆಯಿಂದ ಮನೆಗೆ ಕಳಿಸುವುದು. ಓದಿದವರು ಭಾನುವಾರ ತಮಗೆ ಅನ್ನಿಸಿದ್ದನ್ನು ಗುಂಪಿನಲ್ಲಿ ಬರೆಯಬೇಕು, ಉಳಿದವರು ಅದರ ಮೇಲೆ ಮಾತಾಡಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬೆರಳಿಟ್ಟುಕೊಂಡು, ತುಟಿ ಆಡಿಸಿಕೊಂಡು ಓದುತ್ತೇನೆ. ಆ ಫೋನಿನಲ್ಲಿ ಅಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ್ದು ಮರೆತುಹೋಗುತ್ತದೆ. ಹಾಗಾಗಿ ಬಾಯಲ್ಲಿ ಹೇಳಿ ಕಳಿಸುತ್ತಿದ್ದೆ.

ಮೊದಲು ಕಳಿಸಿದ್ದು ಇಷ್ಟು: "ಈ ಪುಸ್ತ್ಕದಲ್ಲಿ ಮುನ್ನೂರು ಪುಟ ಜನ ಅಳ್ತಾರೆ, ಜಗಳ ಆಡ್ತಾರೆ, ಪ್ರೀತಿ ಮಾಡ್ತಾರೆ. ಒಬ್ರೂ ಒಲೆ ಹಚ್ಚಲ್ಲ. ಇವ್ರಿಗೆ ಹಿಟ್ಟು ಹಾಕೋರು ಯಾರು?"

ನಗುವ ಮುಖದ ಚಿತ್ರಗಳು ಸಾಲಾಗಿ ಬಂದವು. ಕೋಡಂಗಿ ಆಟ ನೋಡಿದ ಹಾಗೆ ನಕ್ಕರು. "ತೆಗ್ಸಾಕ್ಬುಡು ಕಣಮ್ಮ ನನ್ನ. ಇವ್ರನ್ನ ನಗ್ಸಕ್ಕೆ ನಾನಿಲ್ಲ" ಎಂದು ಸೊಸೆಗೆ ಹೇಳುತ್ತಿದ್ದೆ, ಅಷ್ಟರಲ್ಲಿ ಪ್ರೂಫ್ ಮೇಡಂ ನಾನು ಆಡಿದ್ದನ್ನು ಅಕ್ಷರದಲ್ಲಿ ಬರೆದು ಹಾಕಿದರು. ಕೆಳಗೆ ಒಂದು ಸಾಲು: "ಎಷ್ಟೋ ಕಾದಂಬರಿಗಳ ಪ್ರೂಫ್ ನೋಡಿದ್ದೇನೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ." ನಗು ನಿಂತಿತು.

ಅಂದಿನಿಂದ ನನ್ನ ಮಾತನ್ನೆಲ್ಲ ಅವರೇ ಬರೆದು ಹಾಕುತ್ತಿದ್ದರು. "ಸ್ವಲ್ಪ ನೆಟ್ಟಗೆ ಮಾಡಿ ಹಾಕಿ ಮೇಡಂ" ಎಂದು ಒಮ್ಮೆ ಫೋನಿನಲ್ಲಿ ಕೇಳಿಕೊಂಡೆ. "ಅಚ್ಚು ಮಾಡಿದೋರ ತಪ್ಪು ತಿದ್ತೀನಿ. ಹೇಳಿದೋರ ಮಾತು ತಿದ್ದಲ್ಲ" ಎಂದರು.

ಹೊಸ ಪುಸ್ತಕ ಬಂದರೆ ಮೊದಲ ಓದು ಅವರದು. ಅದು ಗುಂಪಿನಲ್ಲಿ ಯಾರೂ ಪ್ರಶ್ನೆ ಮಾಡದ ಹಕ್ಕು. ಒಂದು ಸಾಲಷ್ಟೇ ಕಾಣುವ ಹಾಗೆ ಸೀಳು ಕತ್ತರಿಸಿದ ರಟ್ಟಿನ ತುಂಡೊಂದು ಅವರ ಹತ್ತಿರ ಇತ್ತು. ಅದನ್ನು ಸಾಲಿನಿಂದ ಸಾಲಿಗೆ ಜಾರಿಸಿಕೊಂಡು ಓದುತ್ತಿದ್ದರು. ವಿಮರ್ಶೆಯ ಕೊನೆಗೆ ತಪ್ಪು ಒಪ್ಪು ಪಟ್ಟಿ ಇದ್ದೇ ಇರುತ್ತಿತ್ತು: ಇಂಥ ಪುಟ, ಇಂಥ ಸಾಲು, ಹೀಗೆ ಎಂದಿರುವಲ್ಲಿ ಹೀಗೆ ಎಂದು ಓದಿಕೊಳ್ಳಬೇಕು. ಯಾರೋ ಒಬ್ಬರು, ಎಲ್ಲರೆದುರಿಗೆ ಯಾಕೆ ಮೇಡಂ, ಬರೆದವರಿಗೆ ಬೇಜಾರಾಗಲ್ಲವೇ ಎಂದು ಕೇಳಿದ್ದಕ್ಕೆ, "ಕಂಡ ತಪ್ಪನ್ನ ಬಾಯಲ್ಲಿ ಇಟ್ಕೊಂಡು ಕೂರೋಕೆ ನನಗೆ ಬರಲ್ಲ" ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಹಿಡಿಸಬಾರದಿತ್ತು.

ಎರಡನೆಯ ಓದು ನನಗೆ. ಅದನ್ನೂ ಮಾಡಿದ್ದು ಅವರೇ. ನಿಧಾನ ಓದುವ ಅಜ್ಜಿಗೆ ಕೊನೆಯಲ್ಲಿ ಕೊಟ್ಟರೆ ಸಾಕಲ್ಲ ಎಂದು ಮೇಷ್ಟ್ರು ಕೆರೆ ದಂಡೆಯಲ್ಲಿ ಹೇಳಿದಾಗ ಮೇಡಂ ಒಪ್ಪಲಿಲ್ಲ. "ಕೊನೇಗೆ ಹೋಗೋ ಹೊತ್ತಿಗೆ ಪುಸ್ತಕದ ಮೇಲೆ ಸಾರು ಚೆಲ್ಲಿರುತ್ತೆ, ರಟ್ಟು ಕಿತ್ತಿರುತ್ತೆ ಸಾರ್. ಅಜ್ಜಿ ಹೊಸಾದನ್ನೇ ಮುಟ್ಟಿ ಓದ್ಲಿ." ಅಲ್ಲಿಯವರೆಗೆ ಹೊಸ ಪುಸ್ತಕ ಅಂತ ಒಂದನ್ನೂ ನಾನು ಕೈಯಲ್ಲಿ ಹಿಡಿದವಳಲ್ಲ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಅವರ ವಿಮರ್ಶೆ ಚಿಕ್ಕದಾಯಿತು. ನನ್ನ ಮಾತು ಬರೆದು ಹಾಕುವುದನ್ನು, ಬೆರಳು ನೋವು ಎಂದು ನನ್ನ ಸೊಸೆಗೆ ಒಪ್ಪಿಸಿದರು. ತಪ್ಪು ಒಪ್ಪು ಪಟ್ಟಿ ನಿಂತುಹೋಯಿತು. ಅಚ್ಚು ಹಾಕುವವರು ಸುಧಾರಿಸಿದ್ದಾರೆ ಅಂದುಕೊಂಡೆ. ನನ್ನ ಬುದ್ಧಿ ಅಷ್ಟು.

ಒಂದು ದಪ್ಪ ಕಾದಂಬರಿ ಬಂತು. ಮೇಡಂ ಎಂದಿನಂತೆ ಮೊದಲು ಓದಿ, "ಎಲ್ಲೂ ಸಡಿಲವಿಲ್ಲದ, ಮೊದಲಿನಿಂದ ಕೊನೆಯವರೆಗೆ ಬಿಗಿಯಾದ ಹೆಣಿಗೆ" ಎಂದು ಹಾಕಿದ್ದರು. ಪುಸ್ತಕ ಕೆಸರೆಯಲ್ಲಿರುವ ನನ್ನ ಮನೆಗೆ ಬಂತು. ಮೂರು ವಾರಕ್ಕೆ ನೂರ ಹನ್ನೆರಡನೇ ಪುಟ ಮುಟ್ಟಿದೆ. ಮಗುಚಿದರೆ ಮತ್ತೆ ತೊಂಬತ್ತೇಳು. ಕತೆಯಲ್ಲಿ ಆಗಲೇ ಸತ್ತಿದ್ದ ಮಾವ ಎದ್ದು ಕೂತು ಕಾಫಿ ಕುಡಿಯುತ್ತಿದ್ದಾನೆ. ನನಗೇ ತಲೆ ಕೆಟ್ಟಿತೇ ಎಂದು ಸೊಸೆಯನ್ನು ಕೂಗಿದೆ. ಅವಳು ಎಣಿಸಿ ನೋಡಿದಳು. ತೊಂಬತ್ತೇಳರಿಂದ ನೂರ ಹನ್ನೆರಡು, ಹದಿನಾರು ಪುಟ, ಎರಡು ಸಲ ಸೇರಿ ಹೊಲಿದುಹೋಗಿದ್ದವು. ಅವುಗಳ ಮುಂದೆ ಬರಬೇಕಾದ ಹದಿನಾರು ಇರಲೇ ಇಲ್ಲ.

ಸಾಲಿಗೆ ಸಾಲು ರಟ್ಟು ಜಾರಿಸಿ ಓದುವವರಿಗೆ ಇದು ಕಾಣಲಿಲ್ಲವೇ?

ಫೋನು ಕೈಗೆತ್ತಿಕೊಂಡೆ. ಸೊಸೆ, "ಅತ್ತೆ, ಗುಂಪಿಗೆ ಬ್ಯಾಡ. ಅವ್ರೊಬ್ರಿಗೇ ಕಳ್ಸಿ" ಎಂದಳು. "ಯಾಕೆ? ಅವ್ರು ಎಲ್ರ ತಪ್ಪೂ ಗುಂಪಲ್ಲೇ ಹೇಳಲ್ವ?" ಎಂದು ಒತ್ತಿಯೇ ಬಿಟ್ಟೆ.

"ಮೇಡಮ್ಮೋರೇ, ಈ ಪುಸ್ತ್ಕ ನೀವು ಓದಿಲ್ಲ ಕಣ್ರೀ. ತೊಂಬತ್ತೇಳನೇ ಪುಟ ಎರಡ್ ಸಲ ಬಂದದೆ. ಸತ್ತೋನು ಎದ್ದು ಕಾಫಿ ಕುಡೀತಾವ್ನೆ. ನೀವು ಬಿಗಿಯಾದ ಹೆಣಿಗೆ ಅಂತೀರಿ. ಓದ್ದೇನೇ ಬರದ್ಬುಟ್ರಾ?"

ಮತ್ತೆ ನಗುವ ಮುಖಗಳು. ಯಾರೋ ಪುಟದ ಫೋಟೊ ಕೇಳಿದರು. ಸೊಸೆಗೆ ಗದರಿ ಅದನ್ನೂ ತೆಗೆಸಿ ಹಾಕಿಸಿದೆ. ಇನ್ಯಾರೋ, "ಹಾಗಾದರೆ ಇಷ್ಟು ದಿನ ಓದಿದ್ದರೋ, ಇಲ್ಲವೋ?" ಎಂದರು. ಮೇಷ್ಟ್ರು, "ಮೇಡಂ ಉತ್ತರ ಕೊಡಲಿ" ಎಂದರು. ಸಂಜೆ ಹೊತ್ತಿಗೆ ಮೇಡಂ ಗುಂಪು ಬಿಟ್ಟು ಹೋದರೆಂಬ ಸಣ್ಣ ಸಾಲು ಕಾಣಿಸಿತು. ಸೊಸೆ ಅದನ್ನು ನನಗೆ ಓದಿ ಹೇಳಿ, ಫೋನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ನಾನೇನು ಸುಳ್ಳು ಹೇಳಿದೆನೇ ಅಂದುಕೊಂಡೆ. ಹೊಲಿಗೆ ತಪ್ಪಿದ ಪುಸ್ತಕವನ್ನು ಮೇಷ್ಟ್ರು ಬದಲಾಯಿಸಿಕೊಡುತ್ತೇನೆಂದು ತೆಗೆದುಕೊಂಡು ಹೋದರು. ಮುಂದಿನ ತಿಂಗಳು ಹೊಸ ಪುಸ್ತಕವನ್ನು ನೇರ ನನ್ನ ಮನೆಗೇ ತಂದು, "ಇನ್ಮೇಲೆ ಮೊದಲ ಓದು ನಿಮ್ಮದೇ ಅಜ್ಜಿ" ಎಂದರು. ಅಂಟಿನ ವಾಸನೆ ಹೊಡೆಯುತ್ತಿತ್ತು. ಪುಟಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಿಡಿಸಲು ಹೋದೆ, ಕೈ ಬರಲಿಲ್ಲ. ಬೇರೆಯವರ ತಟ್ಟೆಯಿಂದ ಎತ್ತಿಕೊಂಡ ಹಾಗೆ ಆಯಿತು. ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ಲಷ್ಕರ್ ಮೊಹಲ್ಲಾಕ್ಕೆ ಹೋದೆ.

ಪಾತ್ರೆ ಅಂಗಡಿಯೊಂದರ ಮೇಲಿನ ಎರಡು ಕೋಣೆಯ ಮನೆ. ಹೊಲಿಗೆ ಮೆಷಿನ್ನಿನ ಮುಂದೆ ಅವರ ತಂಗಿ ಕೂತಿದ್ದರು. ಮೇಡಂ ಕಿಟಕಿಯ ಹತ್ತಿರ. ನಾನು ಬಾಗಿಲಲ್ಲಿ ನಿಂತೆ. ನನ್ನ ಕಡೆಗೇ ತಿರುಗಿದರು, ಆದರೆ ಗುರುತು ಹಿಡಿಯಲಿಲ್ಲ. ಕೋಪ ಇರಬೇಕು ಅಂದುಕೊಂಡೆ.

"ನಾನು ಮೇಡಂ, ಕೆಸರೆಯೋಳು."

"ಓ, ಅಜ್ಜಿ! ಬನ್ನಿ, ಕೂತ್ಕೊಳ್ಳಿ. ಬೈಯೋಕೆ ಬಂದ್ರಾ, ಮಿಕ್ಕಿದ್ದನ್ನ?"

"ಬೈಯಕ್ಕಲ್ಲ. ಯಾಕೆ ಓದ್ನಿಲ್ಲ ಅಂತ ಕೇಳಕ್ಕೆ ಬಂದೆ."

ಅವರು ನನ್ನ ಮುಖದಿಂದ ಸ್ವಲ್ಪ ಆಚೆಗೆ ನೋಡುತ್ತಾ ಹೇಳಿದರು: "ಕಣ್ಣಿನ ನಡುವೆ ಕಪ್ಪು ಮಚ್ಚೆ ಬಂದಿದೆ ಅಜ್ಜಿ. ಎರಡೂ ಕಣ್ಣಿಗೆ. ಸುತ್ತ ಎಲ್ಲಾ ಕಾಣುತ್ತೆ. ನಾನು ಎಲ್ಲಿ ನೋಡ್ತೀನೋ ಅದೊಂದು ಮಾತ್ರ ಕಾಣಲ್ಲ. ಈಗ ನಿಮ್ಮ ಸೆರಗು ಕಾಣ್ತಿದೆ, ಓಲೆ ಕಾಣ್ತಿದೆ. ಮುಖ ಇಲ್ಲ."

ಹೊಲಿಗೆ ಮೆಷಿನ್ನು ನಿಂತಿತು. ತಂಗಿ, "ನಾನು ಪುಸ್ತಕದ ಹಿಂದಿನ ರಟ್ಟಲ್ಲಿರೋದನ್ನ ಓದಿ ಹೇಳ್ತಿದ್ದೆ ಅಷ್ಟೇ. ಪೂರ್ತಿ ಓದ್ತಾ ಕೂತ್ರೆ ಈ ಬಟ್ಟೆ ಹೊಲಿಯೋರು ಯಾರು? ಅಕ್ಕ ಅದನ್ನೇ ಫೋನಿಗೆ ಹೇಳಿ ಬರೆಸ್ತಿದ್ಲು" ಎಂದರು.

"ಗುಂಪಲ್ಲಿ ಹೇಳ್ಬೋದಿತ್ತಲ್ಲ?"

"ಪ್ರೂಫ್ ನೋಡೋಳಿಗೆ ಕಣ್ಣು ಹೋಯ್ತು ಅಂದ್ರೆ ಪುಸ್ತಕ ಕಳಿಸ್ತಾರಾ? ನನಗೆ ಆ ಹೊಸ ಪುಸ್ತಕ ವಾರವಾದ್ರೂ ಕೈಯಲ್ಲಿ ಇರಬೇಕಿತ್ತು, ಅಷ್ಟೇ. ನೀವು ಹೇಳಿದ್ದು ನಿಜ. ಅದನ್ನ ವಾಪಸ್ ತೊಗೋಬೇಡಿ."

"ಇವತ್ತೇ ಗುಂಪಲ್ಲಿ ಹೇಳ್ತೀನಿ. ತಪ್ಪಾಯ್ತು ಅಂತೀನಿ."

"ಬೇಡ." ಆ ಒಂದು ಮಾತಿಗೆ ಮಾತ್ರ ಅವರ ದನಿ ಗಡುಸಾಯಿತು. "ನಾನಿರೋವರೆಗೆ ಬೇಡ. ಓದದೇ ಬರೆದ್ಲು ಅಂತ ನಗಲಿ. ಅಯ್ಯೋ ಪಾಪ ಅನ್ನೋದು ಬೇಡ. ಮಾತು ಕೊಡಿ."

ಕೊಟ್ಟೆ. ಚೀಲದಿಂದ ಹೊಸ ಪುಸ್ತಕ ತೆಗೆದು ಅವರ ತೊಡೆಯ ಮೇಲಿಟ್ಟೆ. ಅವರು ಅದರ ಬೆನ್ನು ಸವರಿದರು, ಮೂಸಿದರು, ಕಚ್ಚಿಕೊಂಡ ಪುಟಗಳನ್ನು ಹೆಬ್ಬೆರಳಿನಲ್ಲಿ ಬಿಡಿಸಿದರು. ಆಮೇಲೆ ನನ್ನ ಕೈಗೆ ಕೊಟ್ಟು, "ಓದಿ" ಎಂದರು.

"ನನ್ನ ಓದು ಕೇಳಿದ್ರೆ ನಿದ್ದೆ ಬಂದ್ಬುಡ್ತದೆ."

"ಅಚ್ಚುಕೂಟಕ್ಕೆ ಸೇರಿದಾಗ ಮೊದಲೆರಡು ವರ್ಷ ನನ್ನ ಕೆಲಸ ಅದೇ. ಒಬ್ಬರು ಗಟ್ಟಿಯಾಗಿ ಓದ್ಬೇಕು, ಇನ್ನೊಬ್ಬರು ಪ್ರೂಫ್ ನೋಡ್ಬೇಕು. ಕಾಮಾನೂ ಓದ್ಬೇಕು, ಫುಲ್‌ಸ್ಟಾಪೂ ಓದ್ಬೇಕು. ಚೆನ್ನಾಗಿ ಓದೋರು ಅರ್ಧ ನುಂಗ್ಬಿಡ್ತಾರೆ. ನಿಮ್ಮ ಥರ ಬೆರಳಿಟ್ಟು ಓದೋರೇ ಬೇಕು."

ಸೀಳಿನ ರಟ್ಟನ್ನು ನನಗೆ ಕೊಟ್ಟರು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ ಓದಿದೆ. "ಅವಳು ಬಾಗಿಲು ತೆರೆದಳು ಕಾಮಾ ಯಾರೂ ಇರಲಿಲ್ಲ ಫುಲ್‌ಸ್ಟಾಪ್." ಮೊದಮೊದಲು ನಾಚಿಕೆ. ಆಮೇಲೆ ನಾಲಿಗೆ ತಾನಾಗಿ ಹೊರಳಿತು. ಅವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಡುವೆ ಥಟ್ಟನೆ ಕೈಯೆತ್ತಿ, "ನಿಲ್ಲಿ. ಇದು ಇವಳ ಮಾತಲ್ಲ, ತಮ್ಮನದು. ಹೆಸರು ತಪ್ಪಿ ಬಿದ್ದಿದೆ. ಪುಟ ಎಷ್ಟು? ಬರ್ಕೊಳ್ಳಿ" ಎನ್ನುತ್ತಿದ್ದರು. ಬರೆದುಕೊಳ್ಳುತ್ತಿದ್ದೆ. ನನಗೆ ಅಕ್ಷರವಷ್ಟೇ ಕಾಣುತ್ತಿತ್ತು, ತಪ್ಪು ಕಾಣುತ್ತಿದ್ದುದು ಅವರಿಗೆ.

ಆ ಪಟ್ಟಿ ನನ್ನ ಹೆಸರಿನಲ್ಲೇ ಗುಂಪಿಗೆ ಹೋಗಬೇಕು ಎಂದು ಅವರ ಹಟ. ಹಾಕಿದೆ. ಚಪ್ಪಾಳೆಯ ಚಿತ್ರಗಳು ಬಂದವು. "ಅಜ್ಜಿ ಪ್ರೂಫ್ ಮೇಡಂ ಅವರನ್ನೂ ಮೀರಿಸಿದರು. ಓದುವುದೆಂದರೆ ಇದು" ಎಂದು ಒಬ್ಬರು ಬರೆದರು. ಅದನ್ನು ಮೇಡಂಗೆ ಓದಿ ಹೇಳಿದೆ, ಕಾಮಾ ಫುಲ್‌ಸ್ಟಾಪ್ ಬಿಡದೆ. ಅವರು ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ ಬಹಳ ಹೊತ್ತು ಗಂಟಿನ ಬೆರಳನ್ನು ಇನ್ನೊಂದು ಕೈಯಲ್ಲಿ ಉಜ್ಜುತ್ತಾ ಕೂತರು. ಹೀಗೆ ನಾಲ್ಕು ಪುಸ್ತಕ ಓದಿದೆವು. ನಾಲ್ಕರ ಹೊಗಳಿಕೆಯೂ ನನಗೇ ಬಂತು.

ಐದನೆಯದರ ಅರವತ್ತೆರಡನೇ ಪುಟದಲ್ಲಿದ್ದೆವು. ಬುಧವಾರ ಬೆಳಿಗ್ಗೆ ಬಸ್ಸಿಗೆ ಹೊರಡುವ ಹೊತ್ತಿಗೆ ತಂಗಿ ಫೋನು ಮಾಡಿದರು. "ಬರಬೇಡಿ ಅಜ್ಜಿ" ಎಂದವರೇ, "ಅಲ್ಲ, ಬನ್ನಿ" ಎಂದರು. ಹಾಲು ಕಾಯಿಸಲು ಎದ್ದ ಮೇಡಂ ಅಡಿಗೆಮನೆಯಲ್ಲೇ ಬಿದ್ದಿದ್ದರಂತೆ. ಹೃದಯ ನಿಂತುಹೋಗಿತ್ತು. ನಾನು ಹೋಗುವ ಹೊತ್ತಿಗೆ ಚಾಪೆಯ ಮೇಲೆ ಮಲಗಿಸಿದ್ದರು. ಅಳಲಿಲ್ಲ. ಆ ಬೆರಳನ್ನು ಒಮ್ಮೆ ಮುಟ್ಟಿ ನೋಡಿದೆ. ಕೆಂಪು ಹೋಗಿರಲಿಲ್ಲ.

ಗುಂಪಿಗೆ ಮೇಷ್ಟ್ರು ಸುದ್ದಿ ಹಾಕಿದರು. ಕೈಮುಗಿದ ಚಿತ್ರಗಳು ಬಂದವು, ನಗುವ ಮುಖಗಳು ಬಂದಷ್ಟೇ ಬೇಗ. ಒಬ್ಬರು ಹೀಗೆ ಬರೆದರು: "ಕೊನೆಕೊನೆಗೆ ಓದದೇ ಬರೆಯುತ್ತಿದ್ದರು, ಪಾಪ. ಆದರೂ ಒಳ್ಳೆಯವರು." ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅದನ್ನು ಹೇಳಿಕೊಟ್ಟವಳು ನಾನೇ.

ಅವರಿರುವವರೆಗೆ ಎಂದು ಕೊಟ್ಟಿದ್ದ ಮಾತು ಮುಗಿಯಿತು. ಈ ಸಲ ಬಾಯಲ್ಲಿ ಹೇಳಿ ಕಳಿಸಲಿಲ್ಲ. ಸೊಸೆಯಿಂದ ಹಾಳೆ ತರಿಸಿಕೊಂಡು ಹನ್ನೊಂದು ದಿನ ಕೂತು ನನ್ನ ಕೈಯಲ್ಲೇ ಬರೆದಿದ್ದೇನೆ. ಅವಳು ಇದನ್ನು ಇದ್ದ ಹಾಗೇ ಗುಂಪಿಗೆ ಹಾಕುತ್ತಾಳೆ. ಒಂದು ಸಲ ಗಟ್ಟಿಯಾಗಿ ಓದಿಯೂ ನೋಡಿದೆ. ಕೈಯೆತ್ತಿ ನಿಲ್ಲಿಸುವವರು ಇರಲಿಲ್ಲ, ಹಾಗಾಗಿ ತಪ್ಪುಗಳು ಉಳಿದಿರುತ್ತವೆ. ನನಗೆ ಗೊತ್ತಿರುವ ಎರಡನ್ನು ಕೆಳಗೆ ಬರೆದಿದ್ದೇನೆ.

ತಪ್ಪು ಒಪ್ಪು:

ನಾನು ಗುಂಪಿನಲ್ಲಿ "ಈ ಪುಸ್ತಕ ನೀವು ಓದಿಲ್ಲ" ಎಂದಿರುವಲ್ಲಿ "ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ನಾನು ಹೋಗಿ ವಿಚಾರಿಸಲಿಲ್ಲ" ಎಂದು ಓದಿಕೊಳ್ಳಬೇಕು.

ಆಮೇಲಿನ ನಾಲ್ಕು ಪುಸ್ತಕಗಳ ಪಟ್ಟಿಯಲ್ಲಿ "ಕೆಸರೆ ಅಜ್ಜಿ" ಎಂದಿರುವ ಕಡೆಯಲ್ಲೆಲ್ಲ "ಲಷ್ಕರ್ ಮೊಹಲ್ಲಾದ ಪ್ರೂಫ್ ಮೇಡಂ" ಎಂದು ಓದಿಕೊಳ್ಳಬೇಕು.