ದಿಂಡಿಗಕ್ಕೆ ಕಿವಿಯಿಟ್ಟವರು

"ಎರಡೂ ಆಗಾಕಿಲ್ಲ ಕಣವ್ವ" ಎಂದವರು ಬಾಡಿ ಮೇಸ್ತ್ರಿಯೇ. ಒಂದು, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದ ನಾನು ಬಿ.ಎ. ಮುಗಿಸುವುದು. ಇನ್ನೊಂದು, ಟಿ. ನರಸೀಪುರದ ಅಕ್ಕಿ ಗಿರಣಿಯ ಹಿಂದೆ ಕೊಳೆಯುತ್ತಿದ್ದ ಹಳೇ ವ್ಯಾನು ಮತ್ತೆ ರಸ್ತೆಗಿಳಿಯುವುದು. ಹಾಗೆನ್ನುವಾಗಲೂ ಅವರ ಬಲಗಿವಿಯ ಮಡಿಕೆಗಳಲ್ಲಿ ಮರದ ಹೊಟ್ಟು ತುಂಬಿಕೊಂಡಿತ್ತು.

ನಾನು ನಂಜನಗೂಡಿನ ಒಂದು ಸಾಮಿಲ್ಲಿನಲ್ಲಿ ಬಿಲ್ಲು ಬರೆಯುತ್ತಿದ್ದೆ. ನನಗಿಂತ ಮೊದಲು ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವರಿಲ್ಲ. ಅಲ್ಲೇ ಕೆಲಸಕ್ಕಿದ್ದ ಮೇಸ್ತ್ರಿ ಒಂದು ಕಾಲಕ್ಕೆ ಬಸ್ಸು, ಲಾರಿಗಳಿಗೆ ಮರದ ಬಾಡಿ ಕಟ್ಟಿದವರು. ಆ ವ್ಯಾನೂ ಅವರ ಕೈಯದೇ. ತಗಡಿನೊಳಗಿನ ಮರವೆಲ್ಲ ಲಡ್ಡು ಹಿಡಿದಿತ್ತು. ಗಿರಣಿ ಯಜಮಾನರ ಮೊಮ್ಮಗ ಅದನ್ನು ಮತ್ತೆ ಓಡಿಸಬೇಕೆಂದು ಇವರನ್ನು ಹುಡುಕಿಕೊಂಡು ನಮ್ಮ ಸಾಮಿಲ್ಲಿಗೇ ಬಂದ.

"ಒಳ್ಳೆ ತೇಗ ಹಾಕ್ಬುಡಿ ಮೇಸ್ತ್ರಿ."

"ತೇಗ ಮದ್ವೆ ಮನೆ ಬಾಗ್ಲಿಗೆ ಕಣಪ್ಪ. ಗುಂಡಿ ರೋಡ್ನಲ್ಲಿ ಸೀಳ್ಕತದೆ. ಬಳುಕೋ ಮರ ಬೇಕು. ದಿಂಡಿಗ. ಗಾಡಿ ಅಚ್ಚಿಗೆ ಆಕ್ತಿದ್ರಲ್ಲ, ಅದು."

ಮಿಲ್ಲಿಗೆ ದಿಂಡಿಗ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಮೇಸ್ತ್ರಿ ಹದಿನಾರು ಗ್ರಾಮ, ಚಿಕ್ಕಯ್ಯನಛತ್ರದ ಕಡೆಯ ಕೊಟ್ಟಿಗೆಗಳಲ್ಲಿ ಮುರಿದು ಬಿದ್ದಿದ್ದ ಎತ್ತಿನಗಾಡಿಗಳ ಮರ ಹುಡುಕಿ ತಂದರು.

ಮರ ಆರಿಸುವುದು ಕರೆಂಟು ಹೋದಾಗ ಮಾತ್ರ. ಗರಗಸ ನಿಂತ ಕೂಡಲೇ ನೆಲದ ಮೇಲೆ ಕೂತು ಮರದ ಒಂದು ತುದಿಗೆ ಕಿವಿ ಒತ್ತುತ್ತಿದ್ದರು. ಇನ್ನೊಂದು ತುದಿಯನ್ನು ನಾನು ಮೊಳೆಯಿಂದ ಮೂರು ಸಲ ಕೆರೆಯಬೇಕು. ಒಳಗೆ ಗಟ್ಟಿಯಿದ್ದರೆ ಸದ್ದು ದಾಟಿ ಬರುತ್ತದೆ, ಟೊಳ್ಳಿದ್ದರೆ ನಡುವೆಯೇ ಸಾಯುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು "ಬರ್ನಿಲ್ಲ" ಎಂದ ಮರವನ್ನು ಸೀಳಿಸಿದರೆ ಒಳಗೆ ಕರೀ ಪುಡಿ ಇದ್ದೇ ಇರುತ್ತಿತ್ತು.

ಒಂದು ಮಧ್ಯಾಹ್ನ ವ್ಯಾನಿನ ಬಾಗಿಲ ಕಂಬಕ್ಕೆಂದು ಇಟ್ಟಿದ್ದ ಮರದ ಸರದಿ. ನಾನು ಮೊಳೆ ಹಿಡಿಯುವಷ್ಟರಲ್ಲಿ ಯಾರೋ ಬಿಲ್ಲು ಕೇಳಿದರು. ಅತ್ತ ತಿರುಗಿದೆ. ಒಂದು ಸಲವೂ ಕೆರೆದಿರಲಿಲ್ಲ.

"ಮೂರೂ ಬಂತು. ಎತ್ತಿಡವ್ವ," ಎಂದರು.

ಇತ್ತೀಚೆಗೆ ಅವರು ನಮ್ಮ ಬಾಯನ್ನೇ ನೋಡುತ್ತ ಮಾತಾಡುತ್ತಿದ್ದುದರ ಅರ್ಥ ಆಗ ಹೊಳೆಯಿತು. "ಕಿವಿ ಕೆಟ್ಟೋದ ದಿನ ಉಳಿ ಮುಟ್ಟಾಕಿಲ್ಲ" ಎಂದು ಅವರೇ ಎಷ್ಟು ಸಲ ಹೇಳಿದ್ದರೋ. ಆ ವ್ಯಾನು ಅವರ ಕೊನೆಯ ಕೆಲಸ. ಅದನ್ನು ಕಸಿಯಲು ನನಗೆ ಬಾಯಿ ಬರಲಿಲ್ಲ. ಮರವನ್ನು ಎತ್ತಿಟ್ಟೆ.

ಎಂಟು ತಿಂಗಳು ಕಟ್ಟಿದರು. ಆರ್‌ಟಿಒ ಆಫೀಸಲ್ಲಿ ಎಫ್‌ಸಿಗೆ ತೋರಿಸುವ ಮುಂಚೆ ನರಸೀಪುರದ ರಸ್ತೆಯಲ್ಲಿ ಓಡಿಸಿ ನೋಡುವ ದಿನ ನನ್ನನ್ನೂ ಕೂರಿಸಿಕೊಂಡರು. ಮೊದಲ ರಸ್ತೆ ಉಬ್ಬಿಗೇ ಬಾಗಿಲ ಕಂಬ ಲಟಕ್ಕೆಂದು ಮುರಿದು ಬಾಗಿಲು ಜೋತುಬಿತ್ತು. ನಟ್ಟನಡುವೆ ಕರೀ ಪುಡಿ. ಮೇಸ್ತ್ರಿ ಅದನ್ನು ಬೆರಳಲ್ಲಿ ಉಜ್ಜಿ ನನ್ನ ಮುಖ ನೋಡಿದರು.

"ಅವತ್ತು ನೀನು ಕೆರೀನೇ ಇಲ್ಲ, ಅಲ್ವಾ?"

ತಲೆಯಾಡಿಸಿದೆ.

"ನಂಗೆ ಏಳ್ಬೇಕಿತ್ತು ಕಣವ್ವ. ಸುಳ್ಳು ಏಳೋದು ಮರದ ಬುದ್ಧಿ, ನಿಂದಲ್ಲ."

ಯಜಮಾನರ ಮೊಮ್ಮಗನ ಮುಂದೆ ನನ್ನ ಹೆಸರೆತ್ತಲಿಲ್ಲ. "ನನ್ನ ಕಿವಿ ಕೆಟ್ಟದೆ ಕಣಪ್ಪ" ಎಂದಷ್ಟೇ ಹೇಳಿ, ಉಳಿ ಚೀಲ ಅಲ್ಲೇ ಬಿಟ್ಟು ನಂಜನಗೂಡಿನ ಬಸ್ಸು ಹತ್ತಿದರು. ಮರದ ಬಾಡಿ ಕಟ್ಟುವವರು ಬೇರೆ ಸಿಗದೆ ವ್ಯಾನು ಗುಜರಿಗೆ ಹೋಯಿತು.

ನಾನು ಮೂರನೇ ಸಲ ಇಂಗ್ಲಿಷು ಬರೆದು ಪಾಸಾದೆ. ಸರ್ಟಿಫಿಕೇಟು ಕೈಗೆ ಬಂದದ್ದು ಮೇಸ್ತ್ರಿ ತೀರಿಕೊಳ್ಳುವ ಹಿಂದಿನ ತಿಂಗಳು. ಅಪ್ಪನಿಗೂ ತೋರಿಸದೆ ಮೊದಲು ಅವರ ಮನೆಗೆ ಒಯ್ದೆ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಕಿವಿಯಲ್ಲಿ ಹೊಟ್ಟಿರಲಿಲ್ಲ. ಅವರ ಕೈಗೆ ಕೊಟ್ಟು, "ಎರಡ್ರಲ್ಲಿ ಒಂದಾಯ್ತು ತಾತ!" ಎಂದು ಕೂಗಿ ಹೇಳಿದೆ.

ಗಟ್ಟಿ ಕಾಗದವನ್ನು ಹೆಬ್ಬೆರಳಿಂದ ಸವರಿ, "ಬಂತು, ಬಂತು" ಎಂದರು.

ನನಗೆ ಕಣ್ಣು ತುಂಬಿತು. ಲೋಟ ಹಿಡಿದು ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಹೇಳಿದರು: "ಏನೂ ಕೇಳ್ಸಿಲ್ಲ ಕಣವ್ವ ಅವರ್ಗೆ. ಈಗ ಎಲ್ಲಾದ್ಕೂ ಅಂಗೇ ಅಂತಾರೆ."